ಪ್ರತಿರೂಪಕ ವ್ಯವಹಾರವೂ ನಾಣ್ಯಸಂಗ್ರಹವೂ

‘ಕೊಂಡವನ ಕಣ್ಣು ಮುಚ್ಚಿದ್ದರೆ ಮಾರಿದವನ ತಪ್ಪೇನು?’ ಎಂಬ ಮಾತು ಹಳೆಯ ನಾಣ್ಯಗಳ ವ್ಯಾಪಾರದಲ್ಲಿ ಒಂದು ಗಾದೆಯಂತೆ ಓಡಾಡುತ್ತಿದೆ. ಖೋಟಾ ನಾಣ್ಯ ಕೊಂಡು ಮೋಸಹೋದವನಿಗೆ ಹಿರಿಯ ಸಂಗ್ರಾಹಕರು ಹೇಳುವ ಸಮಾಧಾನವೂ ಇದೇ, ಮಾರಿದವನು ತನಗೆ ತಾನೇ ಹೇಳಿಕೊಳ್ಳುವ ಸಮರ್ಥನೆಯೂ ಇದೇ. ಮೋಸಹೋದವನು ‘ಕಲಿಕೆಯ ಶುಲ್ಕ’ ತೆತ್ತನೆಂದು ನಗೆಯಾಡಿ ವಿಷಯವನ್ನು ಅಲ್ಲಿಗೇ ಬಿಡುವುದು ವಾಡಿಕೆಯಾಗಿದೆ. ಈ ವಾಡಿಕೆ ಮೇಲುನೋಟಕ್ಕೆ ವ್ಯವಹಾರಜ್ಞಾನದಂತೆ ಕಂಡರೂ ವಾಸ್ತವದಲ್ಲಿ ಅದು ಕಳವಿಗೆ ತೊಡಿಸಿದ ಸಭ್ಯತೆಯ ಉಡುಪು. ಎಚ್ಚರವು ಕೊಳ್ಳುವವನ ಕರ್ತವ್ಯವೆಂಬುದು ನಿಜ. ಆದರೆ ಕೊಳ್ಳುವವನ ಎಚ್ಚರಗೇಡಿತನವು ಮಾರುವವನ ಪ್ರಾಮಾಣಿಕತೆಗೆ ವಿನಾಯಿತಿ ಪತ್ರವಾಗಲಾರದು.

ಜೈನ ಶ್ರಾವಕಾಚಾರವು ಈ ವಿಷಯದಲ್ಲಿ ಸಂದೇಹಕ್ಕೆ ಎಡೆಯನ್ನೇ ಇಟ್ಟಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯ ಅಣುವ್ರತಕ್ಕೆ ಐದು ಅತಿಚಾರಗಳು ಹೇಳಲ್ಪಟ್ಟಿವೆ. ಕಳ್ಳನಿಗೆ ಪ್ರೇರಣೆ ಕೊಡುವುದು, ಕದ್ದು ತಂದುದನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ಅಳತೆ ತೂಕಗಳಲ್ಲಿ ಹೆಚ್ಚು ಕಡಿಮೆ ಮಾಡುವುದು ಇವು ನಾಲ್ಕು. ಐದನೆಯದೇ ಪ್ರತಿರೂಪಕ ವ್ಯವಹಾರ. ಇದನ್ನು ವಿವರಿಸುವಾಗ ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಕೃತಕವಾದ ಚಿನ್ನ ಮೊದಲಾದವುಗಳಿಂದ ವಂಚನೆಯ ವ್ಯವಹಾರ ನಡೆಸುವುದನ್ನೇ ಉದಾಹರಿಸುತ್ತಾರೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ದೋಷವು ಕೃತಕ ವಸ್ತುವನ್ನು ತಯಾರಿಸಿದವನಿಗೆ ಮಾತ್ರ ಅಂಟಿದ್ದಲ್ಲ. ‘ವ್ಯವಹಾರ’ ಎಂಬ ಪದವು ಅದನ್ನು ಕೈಯಿಂದ ಕೈಗೆ ದಾಟಿಸುವ ಪ್ರತಿಯೊಬ್ಬನನ್ನೂ ಒಳಗೊಳ್ಳುತ್ತದೆ. ನಾಣ್ಯಸಂಗ್ರಹದ ಪ್ರಪಂಚದಲ್ಲಿ ಮರೆತುಹೋಗಿರುವುದು ಈ ಅಂಶವೇ.

ನಾಣ್ಯಪರೀಕ್ಷೆ ಎಂಬುದು ಜೈನ ಸಮಾಜಕ್ಕೆ ಹೊರಗಿನ ವಿದ್ಯೆಯೂ ಅಲ್ಲ. ದೆಹಲಿಯ ಸುಲ್ತಾನರ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದ ಠಕ್ಕುರ ಫೇರು ಎಂಬ ಜೈನ ವಿದ್ವಾಂಸನು 1318ರಲ್ಲಿ ‘ದ್ರವ್ಯಪರೀಕ್ಷಾ’ ಎಂಬ ಗ್ರಂಥವನ್ನು ರಚಿಸಿದನು. ಆ ಕಾಲದಲ್ಲಿ ವಿನಿಮಯಕ್ಕೆ ಬರುತ್ತಿದ್ದ ನಾನಾ ದೇಶಗಳ ನಾಣ್ಯಗಳ ತೂಕ, ಅವುಗಳಲ್ಲಿರುವ ಬೆಳ್ಳಿ ಬಂಗಾರಗಳ ಪ್ರಮಾಣ, ಅವುಗಳ ವಿನಿಮಯ ಬೆಲೆ ಇವೆಲ್ಲವನ್ನೂ ಆತನು ಅನುಭವದಿಂದ ಬರೆದಿಟ್ಟನು. ತಾನು ಬಲ್ಲುದನ್ನು ಗುಟ್ಟಾಗಿಟ್ಟುಕೊಂಡು ಅರಿಯದವರಿಂದ ಲಾಭ ಪಡೆಯುವ ಅವಕಾಶ ಆತನಿಗಿತ್ತು. ಆತನು ಮಾಡಿದ್ದು ಅದಕ್ಕೆ ವಿರುದ್ಧವಾದುದನ್ನು: ಪರೀಕ್ಷೆಯ ವಿದ್ಯೆಯನ್ನು ಗ್ರಂಥಸ್ಥಗೊಳಿಸಿದನು. ಬಲ್ಲವನ ಧರ್ಮ ಇದು.

ಬೆಂಗಳೂರಿನ ಪಶ್ಚಿಮ ಭಾಗಕ್ಕೆ ಈ ಚರ್ಚೆ ಸಮೀಪದ್ದು. ರಾಜಾಜಿನಗರಕ್ಕೆ ಅಂಟಿಕೊಂಡಿರುವ ಯಶವಂತಪುರದಲ್ಲಿ 1891ರಲ್ಲಿ ರೈಲುದಾರಿಯ ಕೆಲಸಕ್ಕಾಗಿ ನೆಲ ಅಗೆಯುವಾಗ ನೂರಕ್ಕೂ ಮಿಕ್ಕಿದ ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಮುದ್ರೆಗಳು ಅವುಗಳಲ್ಲಿದ್ದವು. ದಕ್ಷಿಣ ಭಾರತದಲ್ಲಿ ಸಿಕ್ಕಿದ ಅನೇಕ ರೋಮನ್ ನಾಣ್ಯಗಳ ಮೇಲೆ ಉಳಿಯಿಂದ ಕಚ್ಚುಮಾಡಿದ ಗುರುತುಗಳಿವೆ. ಬೆಳ್ಳಿಯ ತೊಗಟೆಯ ಒಳಗೆ ತಾಮ್ರ ಅಡಗಿದೆಯೇ ಎಂದು ನೋಡಲು ಮಾಡಿದ ಪರೀಕ್ಷೆ ಅದೆಂದು ಕೆಲವು ವಿದ್ವಾಂಸರ ಅಭಿಪ್ರಾಯ. ಖೋಟಾ ನಾಣ್ಯದ ಭಯ ನಾಣ್ಯದಷ್ಟೇ ಹಳೆಯದು.

ಇಂದು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ನಾಣ್ಯ ಸಂಗ್ರಹಿಸುವವರಲ್ಲಿ ಹೆಚ್ಚಿನವರು ಶ್ರೀಮಂತರಲ್ಲ. ನಿವೃತ್ತ ನೌಕರರು, ಉಪಾಧ್ಯಾಯರು, ಚಿಕ್ಕ ಅಂಗಡಿಗಳ ಮಾಲೀಕರು, ಹುಂಡಿಯಲ್ಲಿ ಕೂಡಿಟ್ಟ ಹಣದಿಂದ ಒಂದೊಂದೇ ನಾಣ್ಯ ಕೊಳ್ಳುವ ಶಾಲಾ ಬಾಲಕರು ಇವರೇ ಅಧಿಕ. ಇಂಥವನೊಬ್ಬನಿಗೆ ಖೋಟಾ ವರಾಹವೊಂದನ್ನು ಮಾರಿದರೆ ಹೋಗುವುದು ಹಣ ಮಾತ್ರವಲ್ಲ. ಬಾಲಕನಿಗೆ ಇತಿಹಾಸದ ಮೇಲಿದ್ದ ಪ್ರೀತಿ ಹೋಗುತ್ತದೆ. ಮುದುಕನಿಗೆ ಮನುಷ್ಯರ ಮೇಲಿದ್ದ ನಂಬಿಕೆ ಹೋಗುತ್ತದೆ. ಇದು ಹಿಂಸೆಯಲ್ಲವೆಂದು ಯಾರೂ ಹೇಳಲಾರರು.

ಆದುದರಿಂದ ಮೊದಲು ಪರೀಕ್ಷೆಯ ಮಾರ್ಗವನ್ನು ತಿಳಿಯುವುದು ಉಚಿತ. ಅದು ಕೆಲವರ ಗುಟ್ಟಾಗಿ ಉಳಿಯಬೇಕಾದುದಲ್ಲ.

ಮೊದಲನೆಯದು ತೂಕ. 1835ರಿಂದ ಈಸ್ಟ್ ಇಂಡಿಯಾ ಕಂಪನಿಯು ಏಕರೂಪದ ರೂಪಾಯಿಯನ್ನು ಜಾರಿಗೆ ತಂದಿತು. ಅದರ ತೂಕ 180 ಗ್ರೇನ್, ಅಂದರೆ ಸುಮಾರು 11.66 ಗ್ರಾಂ, ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಈ ಮಟ್ಟ ಎರಡನೆಯ ಮಹಾಯುದ್ಧದ ಆರಂಭದವರೆಗೂ ನಡೆಯಿತು. 1940ರಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಲಾಯಿತು. ಸವೆದ ರೂಪಾಯಿ ತುಸು ಹಗುರವಾಗಿರಬಹುದು. ಆದರೆ ಅಚ್ಚಿನ ಗೆರೆಗಳೆಲ್ಲ ಹೊಸದರಂತೆ ತೀಕ್ಷ್ಣವಾಗಿದ್ದು ತೂಕ ಮಾತ್ರ ಒಂದು ಗ್ರಾಂ ಕಡಿಮೆಯಿದ್ದರೆ ಆ ನಾಣ್ಯ ತಾನೇ ತನ್ನ ವಿರುದ್ಧ ಸಾಕ್ಷಿ ಹೇಳುತ್ತಿದೆಯೆಂದು ತಿಳಿಯಬೇಕು.

ಎರಡನೆಯದು ಸಾಂದ್ರತೆ. ತಕ್ಕಡಿಯ ಮೇಲೆ ನೀರಿನ ಲೋಟವನ್ನಿಟ್ಟು ಅಂಕಿಯನ್ನು ಸೊನ್ನೆಗೆ ತಂದು, ನಾಣ್ಯವನ್ನು ಸಣ್ಣ ದಾರದಿಂದ ತಳ ಮುಟ್ಟದಂತೆ ಪೂರ್ಣವಾಗಿ ಮುಳುಗಿಸಿದರೆ ತಕ್ಕಡಿ ತೋರುವ ಅಂಕಿಯು ನಾಣ್ಯವು ಪಕ್ಕಕ್ಕೆ ಸರಿಸಿದ ನೀರಿನ ತೂಕ. ನಾಣ್ಯದ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ದೊರೆಯುತ್ತದೆ. ಅಸಲಿ ಕಂಪನಿ ರೂಪಾಯಿಗೆ ಈ ಅಂಕಿ ಸುಮಾರು 1.13 ಗ್ರಾಂ, ಸಾಂದ್ರತೆ 10.3ರ ಆಸುಪಾಸು. ಅದೇ ತೂಕದ ಜರ್ಮನ್ ಸಿಲ್ವರಿನ ನಕಲು 1.34 ಗ್ರಾಮಿನಷ್ಟು ನೀರನ್ನು ಸರಿಸುತ್ತದೆ. ಸವೆತದಿಂದ ತೂಕ ಬದಲಾದರೂ ಸಾಂದ್ರತೆ ಬದಲಾಗದು. ಇದೇ ಈ ಪರೀಕ್ಷೆಯ ಬಲ. ಅದಕ್ಕೆ ಮಿತಿಯೂ ಉಂಟು. ಕಂಠೀರವ ನರಸರಾಜ ಒಡೆಯರ ಕಾಲದ ಹಣದಂಥ ಗುಲಗಂಜಿ ಗಾತ್ರದ ಚಿನ್ನದ ನಾಣ್ಯಗಳಲ್ಲಿ ಮನೆಯ ತಕ್ಕಡಿಯ ತಪ್ಪೇ ಉತ್ತರವನ್ನು ನುಂಗಿಬಿಡುತ್ತದೆ. ಟಂಗ್‌ಸ್ಟನ್ ಲೋಹದ ಸಾಂದ್ರತೆ ಚಿನ್ನಕ್ಕೆ ಅತಿ ಸಮೀಪವಿರುವುದರಿಂದ ಚಿನ್ನದ ದೊಡ್ಡ ನಾಣ್ಯಗಳಿಗೆ ಈ ಒಂದೇ ಪರೀಕ್ಷೆ ಸಾಲದು.

ಅಯಸ್ಕಾಂತದ ಪರೀಕ್ಷೆಯನ್ನು ಎಲ್ಲರೂ ಬಲ್ಲರು. ಅದರ ಮಿತಿಯನ್ನು ಬಲ್ಲವರು ಕಡಿಮೆ. ಬೆಳ್ಳಿ, ಚಿನ್ನ, ತಾಮ್ರಗಳು ಅಯಸ್ಕಾಂತಕ್ಕೆ ಅಂಟಬಾರದು, ಅಂಟಿದರೆ ಒಳಗೆ ಕಬ್ಬಿಣವಿದೆ. ಆದರೆ 1947ರ ಹುಲಿಯ ಚಿತ್ರವಿರುವ ರೂಪಾಯಿಯೂ ಗಣರಾಜ್ಯದ ಆರಂಭದ ನಿಕಲ್ ರೂಪಾಯಿಗಳೂ ಅಸಲಿಯಾದುದರಿಂದಲೇ ಅಯಸ್ಕಾಂತಕ್ಕೆ ಅಂಟುತ್ತವೆ. ನಿಯಮವನ್ನು ಅರ್ಧ ಕಲಿತವನು ಅಸಲಿಯನ್ನು ಎಸೆದು ನಕಲಿಯನ್ನು ಉಳಿಸಿಕೊಳ್ಳುವ ಸಂಭವವಿದೆ.

ಮೂರನೆಯದು ತಯಾರಿಕೆಯ ಗುರುತು. ನಾಣ್ಯವನ್ನು ಅಚ್ಚಿನಲ್ಲಿ ಒತ್ತಿ ಮಾಡಿದ್ದರೆ ಅಕ್ಷರಗಳ ಅಂಚು ಚೂಪಾಗಿದ್ದು ಮೈ ಬಿಗಿಯಾಗಿರುತ್ತದೆ. ಎರಕ ಹೊಯ್ದ ನಕಲಿನಲ್ಲಿ ಮೈಮೇಲೆ ಸೂಜಿಮೊನೆಯಂಥ ಗುಳಿಗಳು, ಸಾಬೂನಿನಂತೆ ನಯವಾಗಿ ಕರಗಿದ ಗೆರೆಗಳು, ಅಂಚಿನ ಸುತ್ತ ಬೆಸುಗೆಯ ರೇಖೆ ಅಥವಾ ಅದನ್ನು ಅರದಿಂದ ಉಜ್ಜಿದ ಗೀರುಗಳು ಕಾಣುತ್ತವೆ. ಸಂಗ್ರಾಹಕರು ನಾಣ್ಯದ ಎರಡು ಮುಖಗಳನ್ನು ನೋಡಿ ಮೂರನೆಯ ಮುಖವಾದ ಅಂಚನ್ನು ಮರೆಯುವುದೇ ಹೆಚ್ಚು. ರಾಜಾಜಿನಗರದ ಕೈಗಾರಿಕಾ ವಸಾಹತು, ಕಾಮಾಕ್ಷಿಪಾಳ್ಯಗಳಲ್ಲಿ ಡೈ ಕೊರೆಯುವ ಕುಶಲಕರ್ಮಿಗಳಿದ್ದಾರೆ. ಒತ್ತಿದ ಲೋಹಕ್ಕೂ ಹೊಯ್ದ ಲೋಹಕ್ಕೂ ಇರುವ ಭೇದವು ಅವರಿಗೆ ದಿನನಿತ್ಯದ ವಿಷಯ. ಇತಿಹಾಸ ತಿಳಿಯದ ಆ ಕೆಲಸಗಾರನ ಕಣ್ಣು ಅನೇಕ ವೇಳೆ ಸಂಗ್ರಾಹಕನ ಗ್ರಂಥಕ್ಕಿಂತ ಬೇಗ ಸತ್ಯವನ್ನು ಹಿಡಿಯಬಲ್ಲುದು.

ಒಂದೇ ನಾಣ್ಯದಿಂದ ಅಚ್ಚು ತೆಗೆದು ಒತ್ತಿದ ನಕಲುಗಳನ್ನು ಹಿಡಿಯುವುದು ಕಷ್ಟ. ಆದರೂ ಉಪಾಯವಿದೆ. ವಿಜಯನಗರದ ವರಾಹಗಳಾಗಲಿ ಟಿಪ್ಪುವಿನ ಆನೆಯ ತಾಮ್ರದ ಕಾಸುಗಳಾಗಲಿ ಕೈಯಿಂದ ಸುತ್ತಿಗೆಯಲ್ಲಿ ಒತ್ತಿದವು. ಯಾವ ಎರಡರ ಆಕಾರವೂ, ಮುದ್ರೆ ಓರೆಯಾದ ರೀತಿಯೂ, ಉಜ್ಜಿದ ಗೀರೂ ಒಂದೇ ಆಗಿರಲಾರದು. ಎರಡು ನಾಣ್ಯಗಳಲ್ಲಿ ಒಂದೇ ಸ್ಥಳದಲ್ಲಿ ಒಂದೇ ಗೀರು ಕಂಡರೆ ಕನಿಷ್ಠ ಪಕ್ಷ ಒಂದಾದರೂ ಖೋಟಾ, ಬಹುಶಃ ಎರಡೂ ಖೋಟಾ.

ನಾಲ್ಕನೆಯದು, ಎಲ್ಲಕ್ಕಿಂತ ಮಿಗಿಲಾದುದು, ಇತಿಹಾಸಜ್ಞಾನ. ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1616 ಅಥವಾ 1717 ಎಂಬ ಇಸವಿ, ಹಿಂದುಗಡೆ ರಾಮ ಪಟ್ಟಾಭಿಷೇಕ ಅಥವಾ ಹನುಮಂತನ ಚಿತ್ರ, ಹೀಗೆ ಇರುವ ತಾಮ್ರದ ಬಿಲ್ಲೆಗಳು ಹೇರಳವಾಗಿ ಮಾರಾಟವಾಗುತ್ತವೆ. ಮದರಾಸಿನ ನೆಲವೇ ಕಂಪನಿಗೆ ದೊರೆತದ್ದು 1639ರಲ್ಲಿ. 1616ರಲ್ಲಿ ಭಾರತದಲ್ಲಿ ಟಂಕಸಾಲೆಯೇ ಇಲ್ಲದ ಕಂಪನಿ ನಾಣ್ಯ ಒತ್ತಿಸಿದ್ದೆಲ್ಲಿ? ಆ ಬಿಲ್ಲೆಗಳು ನಾಣ್ಯದ ನಕಲುಗಳೂ ಅಲ್ಲ. ಎಂದೂ ಇರದಿದ್ದ ನಾಣ್ಯದ ಕಲ್ಪನೆಗಳು. ಇಂಥ ತಾಮ್ರದ ತುಂಡಿಗೆ ಅಕ್ಕಿಯನ್ನು ಎಳೆಯುವ ಶಕ್ತಿಯಿದೆಯೆಂದು ನಂಬಿಸಿ ಲಕ್ಷಾಂತರ ರೂಪಾಯಿ ದೋಚಿದ ‘ರೈಸ್ ಪುಲ್ಲಿಂಗ್’ ವಂಚನೆಗಳು ಕರ್ನಾಟಕದಲ್ಲಿ ಪೊಲೀಸರ ಮುಂದೆ ಬಂದಿವೆ. ಅಜ್ಞಾನಕ್ಕೆ ಭಕ್ತಿಯ ಬಣ್ಣ ಬಳಿದು ಮಾರುವ ಈ ವ್ಯಾಪಾರ ಎರಡು ಪಟ್ಟು ಹೇಯವಾದುದು.

ಟಿಪ್ಪು ಸುಲ್ತಾನನ ನಾಣ್ಯಗಳಲ್ಲಿಯೂ ಜ್ಞಾನವೇ ಕಾವಲು. ಆತನು ಆರಂಭದಲ್ಲಿ ಹಿಜರಿ ಶಕೆಯನ್ನೂ ಸುಮಾರು 1787ರಿಂದ ಮೌಲೂದಿ ಶಕೆಯನ್ನೂ ಬಳಸಿದನು. ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. 1215 ಎಂಬುದು ಎಡದಿಂದ ಓದುವವನಿಗೆ 5121ರಂತೆ ಕಾಣುತ್ತದೆ. ಆತನು 1799ರಲ್ಲಿ ಮಡಿದುದರಿಂದ 1227ನ್ನು ದಾಟಿದ ಮೌಲೂದಿ ವರ್ಷ ಆತನ ನಾಣ್ಯದ ಮೇಲೆ ಇರಲು ಸಾಧ್ಯವಿಲ್ಲ. ಹೆಂಡರ್ಸನ್ ಅವರು ಹೈದರ್ ಟಿಪ್ಪುಗಳ ನಾಣ್ಯಗಳನ್ನು ಕುರಿತು ಬರೆದ 1921ರ ಗ್ರಂಥವೂ, ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳನ್ನು ಕುರಿತು ಬರೆದ 1975ರ ಗ್ರಂಥವೂ ಸಂಗ್ರಾಹಕನ ಮೊದಲ ಖರೀದಿಗಳಾಗಬೇಕು. ನಾಣ್ಯವನ್ನು ಕೊಳ್ಳುವ ಮೊದಲು ಪುಸ್ತಕವನ್ನು ಕೊಳ್ಳುವವನು ಸುಲಭವಾಗಿ ಮೋಸಹೋಗನು.

ಅಪರೂಪದ ಇಸವಿಗಳ ವಿಷಯದಲ್ಲಿ ಅಂಕಿ ತಿದ್ದುವ ಮೋಸವೂ ಇದೆ. ಆರನೆಯ ಜಾರ್ಜನ 1939ರ ಬೆಳ್ಳಿ ರೂಪಾಯಿ ವಿರಳವೆಂಬುದು ಎಲ್ಲರಿಗೂ ತಿಳಿದಿರುವುದರಿಂದ ಅದರ ಕೊನೆಯ ಅಂಕಿಯನ್ನು ಭೂತಗನ್ನಡಿಯಲ್ಲಿ ನೋಡದೆ ಕೊಳ್ಳುವುದು ಸಾಹಸವಲ್ಲ, ಅವಿವೇಕ. ತಾಮ್ರದ ನಾಣ್ಯಗಳ ಮೇಲಿನ ಕಿಲುಬೂ ಪ್ರಮಾಣವಾಗಲಾರದು. ಕಾಲವು ನಿಧಾನವಾಗಿ ಹೊದಿಸಿದ ಹಸಿರು ಲೋಹಕ್ಕೆ ಕಚ್ಚಿಕೊಂಡಿರುತ್ತದೆ. ರಾಸಾಯನಿಕದಿಂದ ತಂದದ್ದು ಬಹಳ ಸಲ ಉಗುರಿಗೆ ಪುಡಿಯಾಗಿ ಬರುತ್ತದೆ.

ಇಷ್ಟೆಲ್ಲ ಬಲ್ಲವನೂ ಏಕೆ ಮೋಸಹೋಗುತ್ತಾನೆ? ಉತ್ತರ ಕಣ್ಣಿನಲ್ಲಿಲ್ಲ, ಮನಸ್ಸಿನಲ್ಲಿದೆ. ಹತ್ತು ಸಾವಿರ ಬೆಲೆಯ ನಾಣ್ಯ ಒಂದು ಸಾವಿರಕ್ಕೆ ದೊರೆಯುವಾಗ ಕೊಳ್ಳುವವನು ‘ಇವನಿಗೆ ಇದರ ಬೆಲೆ ಗೊತ್ತಿಲ್ಲ’ ಎಂದು ಒಳಗೊಳಗೇ ಹಿಗ್ಗುತ್ತಾನೆ. ಅಂದರೆ ಮಾರುವವನ ಅಜ್ಞಾನವನ್ನು ದೋಚಲು ಹೊರಟವನೇ ತಾನು ದೋಚಲ್ಪಡುತ್ತಾನೆ. ಖೋಟಾ ನಾಣ್ಯ ಮಾರುವವನ ನಿಜವಾದ ಬಂಡವಾಳ ತಾಮ್ರವೂ ಅಲ್ಲ, ಸೀಸವೂ ಅಲ್ಲ, ಕೊಳ್ಳುವವನ ಲೋಭ. 2012ರಲ್ಲಿ ಹೊರಟ ವೈಷ್ಣೋದೇವಿ ಚಿತ್ರದ ಸಾಮಾನ್ಯ ನಾಣ್ಯಕ್ಕೆ ಲಕ್ಷಾಂತರ ಬೆಲೆಯಿದೆಯೆಂಬ ಜಾಹೀರಾತುಗಳು ಹಬ್ಬಿದ್ದೂ ಈ ಲೋಭದ ಮೇಲೆಯೇ. ಹಳೆಯ ನೋಟು ನಾಣ್ಯಗಳ ಕ್ರಯವಿಕ್ರಯಕ್ಕೆ ತನ್ನ ಹೆಸರು ಬಳಸಿ ಶುಲ್ಕ ಕೇಳುವವರನ್ನು ನಂಬಬಾರದೆಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಬೇಕಾಯಿತು. ಪರಿಗ್ರಹ ಪರಿಮಾಣವನ್ನು ಮರೆತ ಸಂಗ್ರಹವು ವಿದ್ಯೆಯಾಗಿ ಉಳಿಯದೆ ಜೂಜಾಗುತ್ತದೆ.

ಇನ್ನು ಮಾರುವವರ ವಾದಗಳು. ‘ನಾವು ಮಾರುವುದು ಪ್ರತಿಕೃತಿ; ಕೇಳಿದವರಿಗೆ ಹಾಗೆಂದು ಹೇಳುತ್ತೇವೆ’ ಎಂಬುದು ಮೊದಲನೆಯದು. ಕೇಳದವರಿಗೆ? ಹದಿನಾರನೆಯ ಶತಮಾನದಲ್ಲಿ ಇಟಲಿಯ ಪಾದುವಾ ನಗರದ ಜಿಯೊವಾನ್ನಿ ಕಾವಿನೊ ಎಂಬ ಕಲಾವಿದನು ರೋಮನ್ ನಾಣ್ಯಗಳ ಮಾದರಿಯಲ್ಲಿ ಸುಂದರವಾದ ಪ್ರತಿಕೃತಿಗಳನ್ನು ಮಾಡಿದನು. ಆತನಿಗೆ ವಂಚಿಸುವ ಉದ್ದೇಶವಿತ್ತೋ ಇಲ್ಲವೋ, ಕೈ ಬದಲಾದಂತೆ ಅವು ಅಸಲಿಯೆಂದು ಮಾರಾಟವಾದವು. ಗುರುತಿಲ್ಲದ ಪ್ರತಿಕೃತಿಯು ಇಂದು ನಿರ್ದೋಷಿಯಾಗಿದ್ದರೂ ಎರಡನೆಯ ಕೈಯಲ್ಲಿ ಅನುಮಾನ, ಮೂರನೆಯ ಕೈಯಲ್ಲಿ ವಂಚನೆ. ಅಮೆರಿಕದಲ್ಲಿ 1973ರ ಕಾಯಿದೆಯೊಂದು ನಾಣ್ಯದ ಪ್ರತಿಕೃತಿಗಳ ಮೇಲೆ ‘ಕಾಪಿ’ ಎಂಬ ಪದವನ್ನು ಲೋಹದಲ್ಲೇ ಒತ್ತಬೇಕೆಂದು ವಿಧಿಸಿದೆ. ಕಾನೂನು ಬರುವವರೆಗೆ ಕಾಯದೆಯೇ ‘ಪ್ರತಿಕೃತಿ’ ಎಂಬ ನಾಲ್ಕು ಅಕ್ಷರಗಳನ್ನು ಒತ್ತಿ ಮಾರಲು ಯಾವ ವ್ಯಾಪಾರಿಗೂ ಅಡ್ಡಿಯಿಲ್ಲ. ಒತ್ತಲು ಹಿಂಜರಿಯುವವನ ಹಿಂಜರಿಕೆಯೇ ಅವನ ಉದ್ದೇಶವನ್ನು ಹೇಳುತ್ತದೆ.

‘ಅಸಲಿಯೂ ಇರಬಹುದು, ಇಲ್ಲದೆಯೂ ಇರಬಹುದು’ ಎಂದು ತೇಲಿಸುವುದು ಎರಡನೆಯ ವಾದ. ಸ್ಯಾದ್ವಾದದ ಭಾಷೆಯನ್ನು ಅಂಗಡಿಯ ಜಾಣತನಕ್ಕೆ ಎಳೆತರುವವರೂ ಇದ್ದಾರೆ. ಅನೇಕಾಂತವು ವಸ್ತುವನ್ನು ಎಲ್ಲ ಕಡೆಗಳಿಂದ ನೋಡಬೇಕೆನ್ನುತ್ತದೆ. ತಿಳಿದ ಸತ್ಯವನ್ನು ಮುಚ್ಚಿಡಬಹುದೆಂದು ಎಂದೂ ಹೇಳದು. ಸಂಶಯವಿದ್ದರೆ ಸಂಶಯವನ್ನೇ ರಸೀತಿಯಲ್ಲಿ ಬರೆದು ಸಂಶಯದ ಬೆಲೆಗೆ ಮಾರಬೇಕು. ಬಾಯಲ್ಲಿ ಸಂಶಯ, ಬೆಲೆಯಲ್ಲಿ ನಿಶ್ಚಯ ಎಂಬುದು ಸ್ಯಾದ್ವಾದವಲ್ಲ, ಮಾಯಾಚಾರ.

ಮೂರನೆಯ ವಾದವೇ ಎಲ್ಲಕ್ಕಿಂತ ಅಪಾಯಕಾರಿ. ಏಕೆಂದರೆ ಅದು ಮೋಸಹೋದ ಸಜ್ಜನನ ವಾದ. ‘ನಾನು ಹಣ ಕೊಟ್ಟು ತಂದದ್ದು, ನನಗೆ ಅಸಲಾದರೂ ಬರಬೇಡವೇ?’ ಎಂದು ಆತನು ಖೋಟಾ ನಾಣ್ಯವನ್ನು ಮತ್ತೊಬ್ಬನಿಗೆ ಮೌನವಾಗಿ ದಾಟಿಸುತ್ತಾನೆ. ತಯಾರಿಸಿದವನು ಒಮ್ಮೆ ಮಾತ್ರ ಮೋಸ ಮಾಡಿದನು. ಆ ನಾಣ್ಯವನ್ನು ಇಪ್ಪತ್ತು ವರ್ಷ ಜೀವಂತವಾಗಿಟ್ಟವರು ಇಂಥ ಸಜ್ಜನರು. ತನ್ನ ನಷ್ಟವನ್ನು ತನಗಿಂತ ಅರಿವು ಕಡಿಮೆಯಿರುವವನ ತಲೆಗೆ ಕಟ್ಟುವುದು ಪರಿಹಾರವಲ್ಲ, ಮೂಲ ಕಳ್ಳನೊಡನೆ ಪಾಲುದಾರಿಕೆ. ಮಾರಿದವನ ಬಳಿಗೆ ಹಿಂದಿರುಗಿ ಹಣ ಕೇಳುವುದು ನ್ಯಾಯ. ಕೊಡದಿದ್ದರೆ ದೂರು ಕೊಡುವುದು ನ್ಯಾಯ. ಮುಂದಿನವನಿಗೆ ದಾಟಿಸುವುದು ಎಂದಿಗೂ ನ್ಯಾಯವಲ್ಲ.

ಕಾನೂನೂ ಈ ವಿಷಯದಲ್ಲಿ ಮೂಕವಲ್ಲ. 1860ರ ದಂಡಸಂಹಿತೆಯ 230ನೆಯ ಕಲಮು ಬಳಕೆಯಿಂದ ಹೋದ ಫರೂಕಾಬಾದ್ ರೂಪಾಯಿಯನ್ನೂ ಭಾರತದ ನಾಣ್ಯವೆಂದೇ ಉದಾಹರಿಸಿತ್ತು. ಆ ಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಸುಳ್ಳು ಹೇಳಿ ಹಣ ಪಡೆಯುವ ವಂಚನೆ ಅದರ 318ನೆಯ ಕಲಮಿನಂತೆ ಅಪರಾಧ. ಅಸಲಿಯೆಂಬ ಭರವಸೆಗೆ ಮತ್ತೊಂದು ಅಪಾಯವೂ ಇದೆ. ‘ಇದು ಈಗತಾನೆ ಹೊಲದಲ್ಲಿ ಸಿಕ್ಕಿದ ನಿಧಿ’ ಎಂದು ಪಿಸುಗುಟ್ಟಿ ಮಾರುವವನು ಸುಳ್ಳು ಹೇಳುತ್ತಿದ್ದರೆ ನಾಣ್ಯ ಖೋಟಾ. ನಿಜ ಹೇಳುತ್ತಿದ್ದರೆ ಸರ್ಕಾರಕ್ಕೆ ತಿಳಿಸಬೇಕಾದ ನಿಧಿಯನ್ನು ಬಚ್ಚಿಟ್ಟು ಮಾರುತ್ತಿದ್ದಾನೆ. ಮೊದಲನೆಯದು ಪ್ರತಿರೂಪಕ ವ್ಯವಹಾರ, ಎರಡನೆಯದು ಕದ್ದುದನ್ನು ಕೊಳ್ಳುವ ಅತಿಚಾರ. ಶ್ರಾವಕನಾದವನಿಗೆ ಎರಡು ದಾರಿಗಳೂ ಮುಚ್ಚಿವೆ.

ಸತ್ಯಕ್ಕೆ ಇನ್ನೊಂದು ಮುಖವೂ ಉಂಟು. ಖೋಟಾವನ್ನು ಅಸಲಿ ಎನ್ನುವುದು ಹೇಗೋ ಅಸಲಿಯನ್ನು ಖೋಟಾ ಎನ್ನುವುದೂ ಹಾಗೆಯೇ ಅಸತ್ಯ. ಹತ್ತು ರೂಪಾಯಿಯ ನಾಣ್ಯ ಖೋಟಾ ಎಂಬ ಗಾಳಿಮಾತು ಹಬ್ಬಿ ಅಂಗಡಿಗಳಲ್ಲಿ ಅದನ್ನು ನಿರಾಕರಿಸಿದಾಗ, ಹದಿನಾಲ್ಕು ವಿನ್ಯಾಸಗಳೂ ಸಿಂಧುವೆಂದು ರಿಸರ್ವ್ ಬ್ಯಾಂಕು 2018ರ ಜನವರಿ 17ರಂದು ಸ್ಪಷ್ಟಪಡಿಸಿತು. ನಷ್ಟವಾದದ್ದು ಅದೇ ನಾಣ್ಯದಿಂದ ಅಂದಿನ ಅಕ್ಕಿ ಕೊಳ್ಳಬೇಕಾದ ಬಡವನಿಗೆ. ಬೆಲೆ ಇಳಿಸುವ ಹುನ್ನಾರದಿಂದ ಇನ್ನೊಬ್ಬನ ಅಸಲಿ ನಾಣ್ಯವನ್ನು ಸಂಶಯಿಸುವ ಸಂಗ್ರಾಹಕನೂ ಇದೇ ದೋಷಕ್ಕೆ ಗುರಿ.

ಹಾಗಾದರೆ ಮಾಡಬೇಕಾದುದೇನು? ನಾಣ್ಯದ ಹೆಸರು, ತೂಕ, ಲೋಹಗಳನ್ನು ಬರೆದು, ಖೋಟಾ ಎಂದು ತಿಳಿದುಬಂದರೆ ಹಣ ಹಿಂದಿರುಗಿಸುವುದಾಗಿ ಸಹಿ ಮಾಡಿದ ರಸೀತಿಯಿಲ್ಲದೆ ಯಾರೂ ಬೆಲೆಬಾಳುವ ನಾಣ್ಯವನ್ನು ಕೊಳ್ಳಬಾರದು; ಯಾರೂ ಮಾರಲೂಬಾರದು. ನಾಣ್ಯಮೇಳಗಳನ್ನು ನಡೆಸುವವರು ಗುರುತಿಲ್ಲದ ಪ್ರತಿಕೃತಿಗಳಿಗೆ ಮಳಿಗೆ ಕೊಡಬಾರದು. ಪ್ರತಿಯೊಬ್ಬ ಸಂಗ್ರಾಹಕನ ಮನೆಯಲ್ಲಿ ಒಂದು ಬೇರೆ ಡಬ್ಬಿಯಿರಬೇಕು. ತಾನು ಮೋಸಹೋದ ನಾಣ್ಯಗಳನ್ನು ಅಂಚಿನಲ್ಲಿ ಕಚ್ಚು ಹಾಕಿ, ‘ಖೋಟಾ’ ಎಂದು ಚೀಟಿ ಅಂಟಿಸಿ ಅದರಲ್ಲಿಟ್ಟು ಕಿರಿಯರಿಗೆ ತೋರಿಸಿ ಕಲಿಸಬೇಕು. ಕಳೆದುಕೊಂಡ ಹಣಕ್ಕೆ ಅದಕ್ಕಿಂತ ಸಾರ್ಥಕವಾದ ಪ್ರತಿಫಲವಿಲ್ಲ.

ನಾಣ್ಯವೆಂದರೆ ಲೋಹದ ಮೇಲೆ ಬರೆದ ಶಾಸನ. ಒಬ್ಬ ಅರಸನಿದ್ದನೆಂಬುದಕ್ಕೆ ಕೆಲವೊಮ್ಮೆ ಅದೊಂದೇ ಸಾಕ್ಷಿ. ಸುಳ್ಳು ನಾಣ್ಯವು ಕೊಂಡವನನ್ನು ಮಾತ್ರವಲ್ಲದೆ ಇನ್ನೂ ಹುಟ್ಟದ ಓದುಗನನ್ನೂ ವಂಚಿಸುತ್ತದೆ. ಅದು ತಯಾರಾಗುವುದನ್ನು ತಡೆಯುವುದು ಎಲ್ಲರ ಕೈಯಲ್ಲಿಲ್ಲದಿರಬಹುದು. ತನ್ನ ಕೈಗೆ ಬಂದುದು ಮುಂದೆ ಹೋಗದಂತೆ ತಡೆಯುವುದು ಪ್ರತಿಯೊಬ್ಬನ ಕೈಯಲ್ಲಿಯೇ ಇದೆ.